ರಾಕೆಟ್ಟು ನಮ್ಮದಂತೆ, ಹಾಗಾದ್ರೆ ಗೆರೆ ಯಾರದು?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಒಂದು ರಿಲೀಸು, ಅದರ ಬಾಲ ಹಿಡಿದು ಇನ್ನೊಂದು ರಿಲೀಸು... ಸಾಫ್ಟ್‌ವೇರ್ ಮಂದಿಯ ಗೋಳು ನಿಮಗೆ ಗೊತ್ತೇ ಇದೆ, ಮತ್ತೆ ಕೊರೆಯುವುದಿಲ್ಲ. ಇವತ್ತು ಬರೆಯಲು ಕೂತಿದ್ದು ಸಿಟ್ಟಿನಿಂದ. ಸಿಟ್ಟು ಬಂದಾಗ ನನ್ನ ಕನ್ನಡ ಸ್ವಲ್ಪ ಅಡ್ಡಾದಿಡ್ಡಿ ಓಡುತ್ತೆ, ಸಹಿಸಿಕೊಳ್ಳಿ.

ಆಗಿದ್ದಿಷ್ಟು. ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಬೆಳಕು ಬರುತ್ತಲ್ಲ, ಆ ರಾಕೆಟ್ ನಮ್ಮ ಮೈಸೂರಿನದ್ದು, ಹೆಮ್ಮೆಯ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ ಅಂತ. ಕೆಳಗೆ ಸಾಲುಸಾಲು ಚಪ್ಪಾಳೆ. ಐದು ನಿಮಿಷಕ್ಕೆ ಟಿಪ್ಪು ಹೀರೋನೋ ವಿಲನ್ನೋ ಅನ್ನುವ ಜಗಳ. ಹತ್ತನೇ ನಿಮಿಷಕ್ಕೆ ಇಬ್ಬರು ಗ್ರೂಪ್ ಬಿಟ್ಟು ಹೋದರು. ನಾನು ಸುಮ್ಮನಿರಲಾರದೆ "ಅದೇ ಯುದ್ಧದಲ್ಲಿ ಕೊಳ್ಳೇಗಾಲಕ್ಕೆ ಏನಾಯ್ತು ಹೇಳ್ರೋ ನೋಡೋಣ" ಅಂತ ಹಾಕಿದೆ. ಒಬ್ಬ ಕೇಳಿದ, "ಯಾಕೆ ಮಗಾ, ಮಾಟ ಮಾಡಿಸಿದ್ರಾ?"

ಕೊಳ್ಳೇಗಾಲದವನು ಅಂತ ಬಾಯಿಬಿಟ್ಟ ದಿನದಿಂದ ಈ ಜೋಕು ಕೇಳುತ್ತಿದ್ದೇನೆ. ಹಾಸ್ಟೆಲ್ಲಿನಲ್ಲಿ ಕೇಳಿದ್ದೇನೆ, ಇಂಟರ್‌ವ್ಯೂ ಮುಗಿಸಿ ಕೈಕುಲುಕುವಾಗಲೂ ಕೇಳಿದ್ದೇನೆ. ನಕ್ಕು ಅಭ್ಯಾಸವಾಗಿದೆ. ಅವತ್ತು ಮಾತ್ರ ನಗು ಬರಲಿಲ್ಲ.

ಮೊದಲು ನಿಜ ಒಪ್ಪಿಕೊಂಡುಬಿಡುತ್ತೇನೆ. ರಾಕೆಟ್ಟಿನ ಕಥೆ ಸುಳ್ಳಲ್ಲ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ರಾಕೆಟ್ಟಿಗೆ ಕಬ್ಬಿಣದ ಕೊಳವೆ ಇತ್ತು. ಬಿದಿರು, ಕಾಗದದ ಕೊಳವೆಗಿಂತ ಹೆಚ್ಚು ಒತ್ತಡ ತಡೆಯುತ್ತಿತ್ತು, ಹೆಚ್ಚು ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರಿನಲ್ಲಿ ಕಂಪನಿ ಸೈನ್ಯ ಅದರ ರುಚಿ ನೋಡಿತ್ತು. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅನ್ನುವವನು ಇದೇ ರಾಕೆಟ್ಟು, ಗುಂಡುಗಳ ನಡುವೆ ದಾರಿ ತಪ್ಪಿ ಹಿಂದೆ ಬಂದಿದ್ದ. ಮೇ 4ಕ್ಕೆ ಕೋಟೆ ಬಿತ್ತು. ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿನ ವುಲ್‌ವಿಚ್ ಶಸ್ತ್ರಾಗಾರಕ್ಕೆ ಹೋದವು, ಅಲ್ಲಿ ವಿಲಿಯಂ ಕಾಂಗ್ರೀವ್ ಅದನ್ನು ತಿದ್ದಿ ತೀಡಿ ತನ್ನ ಹೆಸರಿಟ್ಟುಕೊಂಡ. (ಓಪನ್ ಸೋರ್ಸ್ ಕೋಡ್ ಎತ್ತಿ ಲೈಸೆನ್ಸ್ ಫೈಲ್ ಅಳಿಸೋ ಕಂಪನಿಗಳಿಗೆ ಇವನೇ ಮೂಲಪುರುಷ ಇರಬೇಕು!) 1814ರ ಸೆಪ್ಟೆಂಬರ್ 13ರ ರಾತ್ರಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಎರೆಬಸ್ ಅನ್ನುವ ಬ್ರಿಟಿಷ್ ಹಡಗು ಹಾರಿಸಿದ್ದು ಈ ಕಾಂಗ್ರೀವ್ ರಾಕೆಟ್ಟುಗಳನ್ನೇ. ಅದನ್ನು ನೋಡಿ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯ 1931ರಲ್ಲಿ ರಾಷ್ಟ್ರಗೀತೆಯಾಯಿತು.

ಇಷ್ಟು ಸರಿ. ಆದರೆ ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನಕ್ಕೆ ಆ ಯುದ್ಧ ಯಾಕೆ ಆಯ್ತು ಅಂತ ಗೊತ್ತು? ಆ ರಾತ್ರಿ ರಾಕೆಟ್ಟುಗಳಿಂದ ಕೋಟೆಗೆ ಹೇಳಿಕೊಳ್ಳುವಂಥ ಏಟೇನೂ ಬೀಳಲಿಲ್ಲ, ಬೆಳಗಾದಾಗ ಬಾವುಟ ಅಲ್ಲೇ ಇತ್ತು, ಅದಕ್ಕೇ ಆತ ಪದ್ಯ ಬರೆದದ್ದು ಅನ್ನುವುದಾದರೂ ಗೊತ್ತಾ? ಗುರಿ ತಪ್ಪಿದ ರಾಕೆಟ್ಟಿಗೆ ನಾವು ಎರಡು ಶತಮಾನ ಆದಮೇಲೆ ಚಪ್ಪಾಳೆ ತಟ್ಟುತ್ತಿದ್ದೇವೆ :)

ನನಗೂ ಆ ಯುದ್ಧದ ಬಗ್ಗೆ ಗೊತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಗೊತ್ತಾಗಿದ್ದು ಆಫೀಸಿನ ಕಾಲ್‌ನಲ್ಲಿ. ನಮ್ಮ ಟೀಮಿನಲ್ಲಿ ಟೊರಾಂಟೋದ ಒಬ್ಬಳಿದ್ದಾಳೆ, ಅಮೆರಿಕದ ಒಬ್ಬನಿದ್ದಾನೆ. ಸರ್ವರ್ ಎದ್ದು ಕೂರುವ ತನಕ ಹರಟೆ ನಡೆದಿತ್ತು. ಮಾತು ಹೇಗೋ 1812ಕ್ಕೆ ಹೋಯ್ತು. ಗೆದ್ದಿದ್ದು ನಾವು ಅಂದ ಅವನು. ನಕ್ಕು, ಗೆದ್ದಿದ್ದು ನಾವೇ, ನಿಮ್ಮ ವೈಟ್‌ಹೌಸ್ ಸುಟ್ಟಿದ್ದು ಮರೆತುಹೋಯ್ತಾ ಅಂದಳು ಅವಳು. ಇಬ್ಬರೂ ಶಾಲೆಯಲ್ಲಿ ಹಾಗೇ ಓದಿದ್ದರಂತೆ. ಒಂದೇ ಯುದ್ಧವನ್ನು ಇಬ್ಬರೂ ಗೆಲ್ಲುವುದು ಹೇಗಪ್ಪಾ ಅಂತ ಆ ವಾರವೆಲ್ಲ ಅದನ್ನೇ ಓದಿದೆ.

1812ರ ಜೂನ್ 18ರಂದು ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ಬ್ರಿಟಿಷ್ ನೌಕಾಪಡೆ ಅಮೆರಿಕದ ಹಡಗುಗಳಿಂದ ನಾವಿಕರನ್ನು ಎಳೆದೊಯ್ಯುತ್ತಿದ್ದದ್ದು ಒಂದು ಕಾರಣ, ವ್ಯಾಪಾರಕ್ಕೆ ಹಾಕಿದ ಅಡ್ಡಗಾಲು ಇನ್ನೊಂದು. ಪಶ್ಚಿಮದ ನೆಲದ ಆಸೆಯೂ ಇತ್ತು ಅನ್ನಿ. ಬ್ರಿಟನ್ ದೂರ, ಪಕ್ಕದಲ್ಲಿ ಇದ್ದದ್ದು ಅದರ ಕೆನಡಾ. ಹಾಗಾಗಿ ಹೊಡೆದಾಟ ಅಲ್ಲೇ, ಗಡಿಯ ಸರೋವರಗಳ ಸುತ್ತ. ಅಮೆರಿಕದವರು 1813ರಲ್ಲಿ ಯಾರ್ಕ್‌ಗೆ (ಈಗಿನ ಟೊರಾಂಟೋ) ಬೆಂಕಿ ಇಟ್ಟರು, 1814ರ ಆಗಸ್ಟ್ 24ರಂದು ಬ್ರಿಟಿಷರು ವಾಷಿಂಗ್ಟನ್ ಸುಟ್ಟರು. ಅದೇ ಡಿಸೆಂಬರ್ 24ಕ್ಕೆ ಗೆಂಟ್ ಅನ್ನುವ ಊರಲ್ಲಿ ಒಪ್ಪಂದವಾಯಿತು. ಏನು ಒಪ್ಪಂದ? ಗಡಿ ಮೊದಲು ಎಲ್ಲಿತ್ತೋ ಅಲ್ಲೇ ಇರಲಿ. ಅಷ್ಟೇ! ಗೆರೆ ಒಂದು ಗೇಣೂ ಅಲುಗಲಿಲ್ಲ.

ಹಾಗಾದರೆ ಸೋತವರು ಯಾರು? ಆ ಕಾಲ್‌ನಲ್ಲಿ ಇಬ್ಬರೂ ಹೆಸರೆತ್ತದವರು. ಶಾನೀ ಜನಾಂಗದ ಟೆಕುಮ್ಸೆ ಅನ್ನುವ ನಾಯಕ ಬೇರೆಬೇರೆ ಮೂಲನಿವಾಸಿ ಜನಾಂಗಗಳನ್ನು ಒಟ್ಟುಗೂಡಿಸಿ ಬ್ರಿಟಿಷರ ಪರ ಹೋರಾಡಿದ, 1813ರ ಅಕ್ಟೋಬರ್ 5ರಂದು ಥೇಮ್ಸ್ ಕಾಳಗದಲ್ಲಿ ಸತ್ತ. ಗೆಂಟ್‌ನಲ್ಲಿ ಬ್ರಿಟಿಷರು ಮೊದಮೊದಲು ಮೂಲನಿವಾಸಿಗಳಿಗೆ ಪ್ರತ್ಯೇಕ ನೆಲ ಬೇಕು ಅಂತ ಹಟ ಹಿಡಿದರು, ಆಮೇಲೆ ಮೆತ್ತಗೆ ಕೈಬಿಟ್ಟರು. ಇತ್ತ ದಕ್ಷಿಣದಲ್ಲಿ ಆಂಡ್ರ್ಯೂ ಜಾಕ್ಸನ್ 1814ರಲ್ಲಿ ಕ್ರೀಕ್ ಜನರಿಂದ ಸುಮಾರು 2.3 ಕೋಟಿ ಎಕರೆ ನೆಲ ಬರೆಸಿಕೊಂಡ. ತನ್ನ ವಿರುದ್ಧ ಹೋರಾಡಿದ ಕ್ರೀಕರಿಂದ ಮಾತ್ರ ಅಲ್ಲ, ತನ್ನ ಪಕ್ಕದಲ್ಲೇ ನಿಂತು ಹೋರಾಡಿದ ಕ್ರೀಕರಿಂದಲೂ. ಇದನ್ನು ಓದಿದ ರಾತ್ರಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ.

ಇನ್ನೊಂದು ಸಂಗತಿ. 1814ರ ನವೆಂಬರ್‌ನಲ್ಲಿ ಲಂಡನ್ ಸರ್ಕಾರ ತನ್ನ ಅತಿ ದೊಡ್ಡ ಸೇನಾಪತಿಯನ್ನು ಅಮೆರಿಕಕ್ಕೆ ಹೋಗ್ತೀರಾ ಅಂತ ಕೇಳಿತು. ಬೇಕಿರುವುದು ಸೇನಾಪತಿ ಅಲ್ಲ, ಸರೋವರಗಳ ಮೇಲಿನ ಹಿಡಿತ. ಅದು ಇಲ್ಲದ ಮೇಲೆ ಅವರ ನೆಲ ಕೇಳುವ ಹಕ್ಕು ನಿಮಗಿಲ್ಲ ಅನ್ನುವ ಅರ್ಥದಲ್ಲಿ ಆತ ಉತ್ತರ ಕೊಟ್ಟ. ಒಂದೂವರೆ ತಿಂಗಳಲ್ಲಿ ಹಳೇ ಗಡಿಗೇ ಒಪ್ಪಂದ ಆಗುವುದಕ್ಕೆ ಆ ಮಾತೂ ಒಂದು ಕಾರಣ. ಆ ಸೇನಾಪತಿ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಅಂದರೆ ನಮ್ಮ ಸುಲ್ತಾನ್‌ಪೇಟೆ ತೋಪಿನ ಆರ್ಥರ್ ವೆಲ್ಲೆಸ್ಲಿ!

ಈ ಮನುಷ್ಯ 1799ರಲ್ಲಿ ಇಲ್ಲಿ ಏನು ಮಾಡಿದ್ದ ಗೊತ್ತೇ? ಟಿಪ್ಪು ಸತ್ತ ಮೇಲೆ ಮೈಸೂರನ್ನು ಹಂಚಲು ಗವರ್ನರ್ ಜನರಲ್ (ಇವನ ಅಣ್ಣನೇ) ಒಂದು ಕಮಿಷನ್ ನೇಮಿಸಿದ. ಜನರಲ್ ಹ್ಯಾರಿಸ್, ಈ ಆರ್ಥರ್, ಇವನ ತಮ್ಮ ಹೆನ್ರಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್. ಕಾರ್ಯದರ್ಶಿಗಳು ಜಾನ್ ಮಾಲ್ಕಂ, ಥಾಮಸ್ ಮನ್ರೋ. ಜೂನ್ 22ಕ್ಕೆ ಹಂಚಿಕೆ ಒಪ್ಪಂದ ತಯಾರು. ಸಹಿ ಕಂಪನಿಯದ್ದು ಮತ್ತು ನಿಜಾಮನದ್ದು. ಯಾರ ರಾಜ್ಯವನ್ನು ಹಂಚುತ್ತಿದ್ದರೋ ಆ ಮೈಸೂರಿನ ಹೊಸ ರಾಜನಿಗೆ ಐದು ವರ್ಷ, ಪಟ್ಟವಾಗಿದ್ದು ಎಂಟು ದಿನ ಕಳೆದ ಮೇಲೆ. ಕೆನರಾ ಕಂಪನಿಗೆ, ವೈನಾಡು ಕಂಪನಿಗೆ, ಕೊಯಮತ್ತೂರು ಕಂಪನಿಗೆ. ಕೊಯಮತ್ತೂರಿನ ಜೊತೆ ಕೊಳ್ಳೇಗಾಲವೂ ಹೋಯಿತು.

ಆ ಯುದ್ಧದಿಂದ ಹೊರಬಂದ ಸಾಮಾನು ಎರಡು ಮಾರಾಯ್ರೇ. ಒಂದು ರಾಕೆಟ್ಟು, ಅದು ಬಾಲ್ಟಿಮೋರ್ ತನಕ ಹೋಯಿತು. ಇನ್ನೊಂದು ಗೆರೆ, ಅದು ನಮ್ಮೂರಿನ ಹೊಲದಲ್ಲಿ 157 ವರ್ಷ ಬಿದ್ದಿತ್ತು. ನಾವು ರಾಕೆಟ್ಟಿನ ಹಿಂದೆ ಓಡುತ್ತಿದ್ದೇವೆ.

ಕೊಳ್ಳೇಗಾಲದಿಂದ ಯಳಂದೂರು ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಅದೇ ಕಬ್ಬು, ಅದೇ ಭತ್ತದ ಗದ್ದೆ, ಅದೇ ರಾಗ ಎಳೆದು ಮಾತಾಡುವ ಕನ್ನಡ. 1799ರ ನಂತರ ಯಳಂದೂರು ಮೈಸೂರಿನಲ್ಲಿ ಉಳಿಯಿತು, ಕೊಳ್ಳೇಗಾಲ ಮತ್ತು ಅದರೊಳಗಿದ್ದ ಹನೂರು, ಮಲೆ ಮಹದೇಶ್ವರ ಬೆಟ್ಟ ಎಲ್ಲ ಕಂಪನಿಯ ಮದ್ರಾಸ್ ಕಡೆಗೆ. ಉಳಿದ ಯಳಂದೂರೂ ಸುಮ್ಮನೆ ಉಳಿಯಲಿಲ್ಲ. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಹೈದರನಿಗೂ ದುಡಿದು, ಟಿಪ್ಪುವಿಗೂ ದುಡಿದು, ಆಮೇಲೆ ಅರಸರ ದಿವಾನರಾದ ಪೂರ್ಣಯ್ಯ. ಅವರು ತೀರಿಕೊಂಡಿದ್ದು 1812ರ ಮಾರ್ಚ್‌ನಲ್ಲಿ, ಅಮೆರಿಕದವರು ಯುದ್ಧ ಸಾರುವ ಮೂರು ತಿಂಗಳ ಮೊದಲು. ಯಳಂದೂರಿನ ರೈತನಿಗೆ ಮೇಲೆ ಜಹಗೀರ್ದಾರರು, ಅವರ ಮೇಲೆ ಮಹಾರಾಜರು, ಅವರ ಮೇಲೆ ರೆಸಿಡೆಂಟ್ ಸಾಹೇಬ. ಕೊಳ್ಳೇಗಾಲದವನಿಗೆ ಕೊಯಮತ್ತೂರಿನ ಕಲೆಕ್ಟರು, ದಿಂಬಂ ಘಾಟಿ ಇಳಿದು ಹೋಗಬೇಕು.

ಇದರ ಅರ್ಥ ಏನು ಅಂತ ಒಂದೆರಡು ಉದಾಹರಣೆ ಹೇಳುತ್ತೇನೆ, ನಮ್ಮೂರಿನವರೇ ಬೈಯಬಹುದು. ಕೊಳ್ಳೇಗಾಲದ ಬೇಕರಿ, ಆಟೋ, ಮದುವೆ ಛತ್ರ ಎಲ್ಲ ಕಡೆ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೋ. "ನಮ್ಮ ಮಹಾರಾಜರು". ಸ್ವಾಮಿ, ಅವರು ಯಳಂದೂರಿನವರಿಗೆ ಮಹಾರಾಜರು. ಅವರು ಪಟ್ಟದಲ್ಲಿದ್ದ ಒಂದು ದಿನವೂ ಕೊಳ್ಳೇಗಾಲ ಅವರ ರಾಜ್ಯದಲ್ಲಿರಲಿಲ್ಲ. 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ನಮ್ಮ ಪ್ರತಿನಿಧಿ ಇರಲಿಲ್ಲ. 1916ರ ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದ್ದು ನಮ್ಮ ಕಂದಾಯದಿಂದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಮೈಸೂರು ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿತು ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವಲ್ಲ, ಆ ಜಲಪಾತದ ಪಕ್ಕದ ದ್ವೀಪ ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. ಕಾವೇರಿ ಗಲಾಟೆ ಬಂದಾಗಲೆಲ್ಲ 1924ರ ಒಪ್ಪಂದದಲ್ಲಿ ಮದ್ರಾಸಿನವರು ನಮಗೆ ಮೋಸ ಮಾಡಿದರು ಅನ್ನುತ್ತೇವೆ. ಆ ಒಪ್ಪಂದದ ದಿನ ಕೊಳ್ಳೇಗಾಲ ಮದ್ರಾಸಿನ ಕಡೆ ಇತ್ತು! "ನಮಗೆ" ಅಂದರೆ ಯಾರಿಗೆ?

ಬರೀ ನಷ್ಟದ ಪಟ್ಟಿ ಅಲ್ಲ ಇದು, ಅದನ್ನೂ ಹೇಳಬೇಕು. ಮದ್ರಾಸ್ ಪ್ರಾಂತದಲ್ಲಿ 1937ರಲ್ಲೇ ಚುನಾಯಿತ ಮಂತ್ರಿಮಂಡಲ ಬಂತು. ಯಳಂದೂರಿನವರು ಅದಕ್ಕಾಗಿ 1947ರ ಮೈಸೂರು ಚಲೋ ತನಕ ಕಾಯಬೇಕಾಯಿತು. ಮದ್ರಾಸ್ ಪ್ರಾಂತದ ಹಿಪ್ಪುನೇರಳೆ ರೇಷ್ಮೆ ಅಂದರೆ ಕೊಳ್ಳೇಗಾಲವೇ. ಗೆರೆಯ ಆ ಕಡೆ ಈ ಕಡೆ ಬೇರೆಬೇರೆ ಬದುಕು ಬೆಳೆಯಿತು ಅನ್ನುವುದಷ್ಟೇ ನನ್ನ ಮಾತು. ಆದರೆ ಏಕೀಕರಣದ ಬಗ್ಗೆ ಪ್ರತಿ ನವೆಂಬರ್‌ನಲ್ಲಿ ನಮ್ಮ ಬ್ಲಾಗುಗಳಲ್ಲಿ ಬರುವ ಲೇಖನ ನೋಡಿ. ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ. ನಮ್ಮೂರು ಯಾವಾಗಲೂ "ಮತ್ತು" ಆದಮೇಲೆ. ಕೆಲವರು ಅದನ್ನೂ ಬಿಟ್ಟುಬಿಡುತ್ತಾರೆ, ಜಾಗ ಸಾಲದೆ ಇರಬೇಕು.

ನಮ್ಮಜ್ಜಿ ಯಳಂದೂರಿನ ಹೆಣ್ಣು. 1953ರಲ್ಲಿ ಮದುವೆಯಾಗಿ ಕೊಳ್ಳೇಗಾಲದ ಕಡೆ ಬಂದವರು. ಅಂದರೆ ಮೈಸೂರು ರಾಜ್ಯದಿಂದ ಮದ್ರಾಸ್ ರಾಜ್ಯಕ್ಕೆ. ಸಾಯುವ ತನಕ ತವರಿಗೆ ಹೋಗುವುದನ್ನು "ಸೀಮ ದಾಟೋದು" ಅಂತಲೇ ಹೇಳುತ್ತಿದ್ದರು. ನಾವು ಮೊಮ್ಮಕ್ಕಳು ನಗುತ್ತಿದ್ದೆವು. ಒಂದು ಸಲ ಕೇಳಿದಾಗ ಹೇಳಿದ್ದು: "ನಾ ಎಲ್ಲೂ ಹೋಗ್ನಿಲ್ಲ ಕನ ಮಗ. ಮದ್ವ ಆಗಿ ಬಂದಾಗ ಇಲ್ಲಿ ಬ್ಯಾರ ಸರ್ಕಾರ. ಮೂರು ವರ್ಷಕ್ಕ ನಮ್ಮಪ್ಪನ ಮನ ಸರ್ಕಾರವೇ ನನ್ ಹಿಂದಗಡ ಬಂದ್ಬುಡ್ತು." ಅದು 1956ರ ನವೆಂಬರ್ 1. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಅನ್ನುವ ಒಂದೇ ಒಂದು ಮಾತು.

"ಆಯ್ತಲ್ಲ, ಬಂದ್ರಲ್ಲ, ಈಗ ಕೊಳ್ಳೇಗಾಲ ಯಳಂದೂರು ಒಂದೇ ಜಿಲ್ಲೆ, ಒಂದೇ ವಿಧಾನಸಭಾ ಕ್ಷೇತ್ರ, ಇನ್ನೇನು ಗೋಳು" ಅಂತ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ. ಗೆರೆ ಅಳಿಸಲಿಲ್ಲ ಮಾರಾಯ, ಸರಿಸಿದರು ಅಷ್ಟೇ. ಪಕ್ಕದ ತಾಳವಾಡಿ ಆ ಕಡೆಯೇ ಉಳಿಯಿತು. ಅಲ್ಲೂ ಕನ್ನಡವೇ. ರಾಜ್‌ಕುಮಾರ್ ಅವರ ಗಾಜನೂರು ಅಲ್ಲೇ ಇರುವುದು. 2000ದ ಜುಲೈ 30ರಂದು ಅವರನ್ನು ಹೊತ್ತೊಯ್ದಾಗ ಎರಡು ರಾಜ್ಯದ ಸರ್ಕಾರಗಳು ಮುಖಮುಖ ನೋಡಿಕೊಂಡವಲ್ಲ, ಆಗಷ್ಟೇ ಬೆಂಗಳೂರಿನವರಿಗೆ ಅಲ್ಲೊಂದು ಗಡಿ ಇದೆ ಅಂತ ಗೊತ್ತಾಗಿದ್ದು. ಇನ್ನು ಕಾಡಿನ ಸೋಲಿಗರು. ಬಿಳಿಗಿರಿರಂಗನ ಬೆಟ್ಟದಲ್ಲೂ ಅವರೇ, ಹನೂರಿನ ಕಾಡಲ್ಲೂ ಅವರೇ, ಸತ್ಯಮಂಗಲದ ಕಾಡಲ್ಲೂ ಅವರೇ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ "ಸೋಲಿಗರು", ತಮಿಳುನಾಡಿನ ಪಟ್ಟಿಯಲ್ಲಿ "ಶೋಲಗ". ಒಂದೇ ಜನಕ್ಕೆ ಎರಡು ಸ್ಪೆಲಿಂಗು. 1799ರ ಟೇಬಲ್ಲಿನಲ್ಲೂ ಇವರಿಗೆ ಕುರ್ಚಿ ಇರಲಿಲ್ಲ, 1956ರದ್ದರಲ್ಲೂ ಇರಲಿಲ್ಲ.

ಹೆಮ್ಮೆ ಪಡುವುದರಲ್ಲಿ ತಪ್ಪೇನು ಅಂತ ನೀವು ಕಾಮೆಂಟ್ ಹಾಕುತ್ತೀರಿ, ಗೊತ್ತು. ತಪ್ಪೇನಿಲ್ಲ. ಆದರೆ ಈ ಹೆಮ್ಮೆಗೆ ಖರ್ಚೇ ಇಲ್ಲ. ಯಾರನ್ನೂ ಏನೂ ಕೇಳಬೇಕಾಗಿಲ್ಲ, ಒಂದು ಊರಿಗೂ ಹೋಗಬೇಕಾಗಿಲ್ಲ. ಟಿಪ್ಪು ಪರ ಇರುವವರು ರಾಕೆಟ್ ಅನ್ನುತ್ತಾರೆ, ವಿರೋಧ ಇರುವವರು ಇನ್ನೇನೋ ಅನ್ನುತ್ತಾರೆ, ಇಬ್ಬರ ಕಥೆಯೂ 1799ರ ಮೇ 4ಕ್ಕೆ ಮುಗಿದುಹೋಗುತ್ತದೆ. ಟೊರಾಂಟೋದವಳೂ ಅಮೆರಿಕದವನೂ ಯಾರು ಗೆದ್ದರು ಅಂತ ಕಿತ್ತಾಡಿದ ಹಾಗೇ. ಜೂನ್ 22ರಂದು ಏನಾಯ್ತು ಅಂತ ಇಬ್ಬರಿಗೂ ಬೇಡ.

ನನಗೆ ಬೇಕಾಗಿದ್ದೂ ಹೊಟ್ಟೆಪಾಡಿಗೇ. ಹನೂರು ರಸ್ತೆಯ ಕಡೆ ನಮ್ಮದೊಂದು ಹೊಲ ಇದೆ, ತಾತ 1947ರಲ್ಲಿ ಕೊಂಡಿದ್ದು. ಪಕ್ಕದವರಿಗೂ ನಮಗೂ ಒಂದು ಓಣಿಯ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲ. ಹಳೇ ಕ್ರಯಪತ್ರ ತೋರಿಸಿ ಅಂದರು. ಅಪ್ಪ ಟ್ರಂಕಿನಿಂದ ತೆಗೆದರು. ಮುಂದೆ ಕನ್ನಡ, ತಲೆಬರಹ ಕೊಯಮತ್ತೂರು ಜಿಲ್ಲೆ, ಹಿಂಬದಿಯ ನೋಂದಣಿ ಬರಹ ಪೂರ್ತಿ ತಮಿಳು, ಅದೂ ಕೂಡಿಸಿ ಬರೆದ ಕೈಬರಹ. ಒಂದು ಕಚೇರಿಯಲ್ಲಿ ಇದು ನಮ್ಮ ರಾಜ್ಯದ್ದೇ ಅಲ್ಲವಲ್ಲ ಅಂದರಂತೆ, ಅಪ್ಪನಿಗೆ ಬಿಸಿಲಲ್ಲಿ ನಿಂತು ಇತಿಹಾಸ ಪಾಠ ಮಾಡುವ ಯೋಗ. ಅಷ್ಟೂ ಹೇಳಿದ ಮೇಲೆ ತರ್ಜುಮೆ ಮಾಡಿಸಿ ತನ್ನಿ ಅಂದರು. ನಾನು ಫೋಟೋ ತೆಗೆದು ಯಾವುದೋ ಆಪ್‌ಗೆ ಹಾಕಿದೆ, ಅದು "ಮಳೆ ಮದುವೆ ಎಣ್ಣೆ" ಅಂತ ಏನೋ ಒದರಿತು. ನಮ್ಮ ಇಂಜಿನಿಯರಿಂಗ್ ಅಷ್ಟಕ್ಕೇ :(

ಕೊನೆಗೆ ಮಾರ್ಟಳ್ಳಿ ಕಡೆಯ ರಿಟೈರ್ಡ್ ಮೇಷ್ಟರೊಬ್ಬರು, ಮನೆಮಾತು ತಮಿಳು, ಕನ್ನಡಕ ಏರಿಸಿ ಅರ್ಧ ಗಂಟೆಯಲ್ಲಿ ಓದಿ ಹೇಳಿದರು. ಕಾಫಿ ಬಿಟ್ಟು ಒಂದು ಪೈಸೆ ಮುಟ್ಟಲಿಲ್ಲ. ಮಾರಿದವರನ್ನು ಗುರುತಿಸಿದವರು ಅಂತ ಇಬ್ಬರ ಹೆಸರಿತ್ತು. ಒಂದು, ಪಕ್ಕದ ಹೊಲದವರ ತಾತನ ಹೆಸರು. ಅಪ್ಪ ಆ ಕಾಗದ ಹಿಡಿದು ಅವರ ಮನೆಗೇ ಹೋದರು. ಅವರ ಮನೆಯ ಅಜ್ಜಿ ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರಂತೆ. ಓಣಿ ಇನ್ನೂ ಇತ್ಯರ್ಥ ಆಗಿಲ್ಲ, ಮಾತು ಶುರುವಾಗಿದೆ.

ತಾಳವಾಡಿ, ಕಾಸರಗೋಡು, ಹೊಸೂರು, ಬಳ್ಳಾರಿ ಕಡೆಯ ಬ್ಲಾಗಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಮನೆಯ ಟ್ರಂಕಿನಲ್ಲಿ ಬೇರೆ ಜಿಲ್ಲೆಯ, ಬೇರೆ ರಾಜ್ಯದ ಹೆಸರಿರುವ ಹಳೇ ಕಾಗದ ಇದ್ದರೆ ಅದರ ಬಗ್ಗೆ ನಿಮ್ಮ ಬ್ಲಾಗಿನಲ್ಲಿ ಬರೆದು ಕೊಂಡಿಯನ್ನು ಇಲ್ಲಿ ಹಾಕಿ. ಓದಲು ಬಾರದ ತಮಿಳು ಇದ್ದರೆ ಹೇಳಿ, ಮೇಷ್ಟರನ್ನು ಕೇಳುತ್ತೇನೆ. ಅವರಿಗೆ ಬೆಳಗಿನ ಹೊತ್ತು ಬಿಡುವಂತೆ.